ಬಾಲಿಯ ಬೀದಿಯಲ್ಲಿ ನಮ್ಮ ಚಿತ್ರಾನ್ನ

ಬಾಲಿ ದ್ವೀಪದ ಬೀದಿಯಲ್ಲಿ ನಿಂತು ಕುಂದಾಪುರದ ಚಿತ್ರಾನ್ನ ತಿಂದ ಹದಿನೆಂಟು ಮಂದಿಯಲ್ಲಿ ನಾನೂ ಒಬ್ಬಳು. ಬರೆಯಲು ನಾಚಿಕೆಯಾಗುತ್ತದೆ. ಆದರೆ ನಾಚಿಕೆಗಿಂತ ಸಿಟ್ಟು ಒಂದು ಮುಷ್ಟಿ ಹೆಚ್ಚಿರುವುದರಿಂದ ಬರೆಯುತ್ತಿದ್ದೇನೆ. ಎರಡು ವರ್ಷವಾಯಿತು, ಆ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಗಂಡನ ಮನೆಯವರೆಲ್ಲ ಹೋಟೆಲಿನವರು. ಮುಂಬೈಯಲ್ಲಿ, ಪುಣೆಯಲ್ಲಿ ಎರಡು ತಲೆಮಾರು ಇಡ್ಲಿ, ದೋಸೆ, ಮೀನೂಟ ಬಡಿಸಿ ದುಡಿದು ಈಗ ಊರಿಗೆ ಬಂದು ಮನೆ ಕಟ್ಟಿಕೊಂಡು ಕೂತವರು. ನಮ್ಮ ಮನೆ ಬ್ರಹ್ಮಾವರದಲ್ಲಿ. ನಮ್ಮವರ ಅಕ್ಕ, ನನ್ನ ಅತ್ತಿಗೆ, ಕುಂದಾಪುರದಲ್ಲಿ. ಕುಂದಾಪುರದ ಒಬ್ಬ ಟೂರಿನವ ಬಾಲಿಗೆ ಕರೆದುಕೊಂಡು ಹೋಗುತ್ತಾನೆಂದು ಅತ್ತಿಗೆಯೇ ಎಲ್ಲರನ್ನೂ ಹೊರಡಿಸಿದ್ದು. ಕುಂದಾಪುರದಿಂದ ಒಂಬತ್ತು, ಬೈಂದೂರಿನಿಂದ ನಾಲ್ಕು, ಬ್ರಹ್ಮಾವರದಿಂದ ನಾನೂ ನಮ್ಮವರೂ ಸೇರಿ ಐದು ಮಂದಿ. ಹೆಚ್ಚು ಕಡಿಮೆ ಎಲ್ಲರೂ ಒಬ್ಬರಿಗೊಬ್ಬರು ನೆಂಟರು, ಎಲ್ಲರೂ ಒಂದಲ್ಲ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು.

ನನಗೆ ಕಡಲ ತೀರ ನೋಡಲು ಬಾಲಿಗೆ ಹೋಗಬೇಕಾಗಿರಲಿಲ್ಲ. ಕಡಲು ನೋಡುವುದಾದರೆ ಕೋಡಿಗೋ ಮರವಂತೆಗೋ ಹೋದರಾಯಿತು. ನಾನು ಒಪ್ಪಿದ್ದು ಟೂರಿನವ ಕೊಟ್ಟ ಕಾಗದದಲ್ಲಿದ್ದ ಒಂದೇ ಒಂದು ಸಾಲಿಗೆ: ನಾಲ್ಕನೆಯ ದಿನ, ಸ್ಥಳೀಯ ಗೈಡ್ ಜೊತೆ ಬಾಲಿಯ ಬೀದಿ ತಿಂಡಿಗಳ ರುಚಿ. ಅದೇ ಕಾಗದದ ಕೆಳಗೆ ದಪ್ಪಕ್ಷರದಲ್ಲಿ ಇನ್ನೊಂದು ಸಾಲಿತ್ತು: ಪ್ರವಾಸದುದ್ದಕ್ಕೂ ನಮ್ಮದೇ ಅಡುಗೆ ಭಟ್ರು, ನಮ್ಮೂರಿನ ಊಟ. ಈ ಎರಡು ಸಾಲುಗಳು ಒಂದಕ್ಕೊಂದು ಹೊಡೆದಾಡುತ್ತವೆಂದು ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಿದ ನನಗೆ ಹೊಳೆಯಲಿಲ್ಲ.

ಭಟ್ರು ನಿಜವಾಗಿಯೂ ಬಂದರು. ಕುಚ್ಚಲಕ್ಕಿ, ಸಾರಿನ ಪುಡಿ, ಇಡ್ಲಿ ರವೆ, ಮಿಡಿ ಉಪ್ಪಿನಕಾಯಿ, ಎರಡು ದೊಡ್ಡ ಪಾತ್ರೆ, ಎಲ್ಲ ಹೊತ್ತುಕೊಂಡು ವಿಮಾನ ಹತ್ತಿದರು. ಮೊದಲ ಮೂರು ದಿನ ನಾವು ತಿಂದದ್ದು ಅವರ ಇಡ್ಲಿ, ಅವರ ಸಾರು, ಅವರ ಉಪ್ಪಿಟ್ಟು. ಭಟ್ರ ಮೇಲೆ ನನ್ನ ದೂರಿಲ್ಲ. ಒಳ್ಳೆಯ ಮನುಷ್ಯ. ಯಾರದೋ ಹೋಟೆಲಿನ ಅಡುಗೆಮನೆಯ ಮೂಲೆಯಲ್ಲಿ ಬೆಳಗಿನ ಜಾವವೇ ಎದ್ದು ನಮಗೆ ಬೇಯಿಸಿ ಹಾಕುತ್ತಿದ್ದರು. ಬಾಲಿಗೆ ಹೋಗಿ ಬಾಲಿಯನ್ನು ನೋಡದೆ ಬಂದವರು ನಮ್ಮಲ್ಲಿ ಅವರೊಬ್ಬರೇ ಎಂದು ಎಲ್ಲರೂ ನಗುತ್ತಿದ್ದರು. ಅವರೊಬ್ಬರೇ ಅಲ್ಲ ಎಂಬುದು ಆಮೇಲೆ ಗೊತ್ತಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಉಬುದ್ ಎಂಬ ಪೇಟೆಯ ಮಾರುಕಟ್ಟೆ ಬಾಗಿಲಲ್ಲಿ ಬಸ್ಸು ನಿಂತಿತು. ಗೈಡ್ ನಮಗಾಗಿ ಕಾಯುತ್ತಿದ್ದಳು. ನಲವತ್ತರ ಹತ್ತಿರದ ಹೆಂಗಸು, ಸೊಂಟಕ್ಕೆ ಹಳದಿ ಪಟ್ಟಿ, ಕಿವಿಯ ಹಿಂದೆ ಒಂದು ದೇವಕಣಗಿಲೆ ಹೂ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು. ಟೂರಿನವ ನನ್ನನ್ನು ಮುಂದಕ್ಕೆ ತಳ್ಳಿದ.

"ಟೀಚರ್, ನೀವ್ ಮುಂದ್ ನಿಲ್ಲಿ. ಅವ್ರ್ ಹೇಳದ್ದ್ ನಮ್ಗೆ ಹೇಳಿ, ನಾವ್ ಹೇಳದ್ದ್ ಅವ್ರಿಗೆ ಹೇಳಿ."

ಹೀಗೆ ನಾನು ದುಭಾಷಿಯಾದೆ. ಗೈಡ್ ಮೊದಲು ಹೇಳಿದ್ದು ಇದು: ಬರುವವರು ಭಾರತದ ಹಿಂದೂಗಳು ಎಂದು ಅವಳಿಗೆ ತಿಳಿಸಿದ್ದರಂತೆ. ಬಾಲಿಯವರೂ ಹಿಂದೂಗಳೇ ಆದ್ದರಿಂದ ಅವಳಿಗೆ ತುಂಬಾ ಖುಷಿಯಾಯಿತಂತೆ. ಎರಡು ದಿನ ಮುಂಚೆಯೇ ಒಂದೊಂದು ಅಂಗಡಿಗೂ ಹೋಗಿ, ಹಂದಿ ದನ ಯಾವುದೂ ಸೋಕದ ಹಾಗೆ ಬೇರೆ ಪಾತ್ರೆಯಲ್ಲಿ ಮಾಡಿಸಿದ್ದಾಳಂತೆ. ಮೀನು ತಿನ್ನದವರಿದ್ದರೆ ಅವರಿಗೂ ಬೇರೆ ಉಂಟಂತೆ. ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಎಲ್ಲರೂ "ಹೋ, ಹೌದಾ" ಎಂದರು.

ಮಾರುಕಟ್ಟೆಯ ಮೆಟ್ಟಿಲಲ್ಲಿ ತೆಂಗಿನ ಗರಿಯಿಂದ ಹೆಣೆದ ಅಂಗೈ ಅಗಲದ ತಟ್ಟೆಗಳು ಸಾಲಾಗಿ ಇದ್ದವು. ಒಳಗೆ ಹೂವು, ನಾಲ್ಕು ಅಗುಳು ಅನ್ನ, ಒಂದು ಊದುಬತ್ತಿ. ಅತ್ತಿಗೆ ಒಂದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಎತ್ತರದ ಕಟ್ಟೆಯ ಮೇಲಿಟ್ಟರು. "ಪ್ರಸಾದ ನೆಲಕ್ಕಿಡೂದಾ? ಕಾಲಿಗ್ ಸಿಕ್ಕುದಿಲ್ಯಾ?" ಎಂದರು. ಗೈಡ್ ಅದನ್ನು ಮತ್ತೆ ಮೆಟ್ಟಿಲ ಮೇಲೆ ಇಟ್ಟಳು. ಅದು ಕೆಳಗಿನ ಶಕ್ತಿಗಳಿಗೆ ಕೊಡುವುದು, ನೆಲದಲ್ಲೇ ಇರಬೇಕು ಎಂದು ಮೆಲ್ಲಗೆ ನನಗೆ ಹೇಳಿದಳು. ಭೂತಕ್ಕೆ, ಕ್ಷೇತ್ರಪಾಲನಿಗೆ ನೆಲದಲ್ಲೇ ಎಲೆ ಹಾಕುವ ಊರಿನ ನಮಗೆ ಇದನ್ನು ಇನ್ನೊಬ್ಬರು ಹೇಳಿಕೊಡಬೇಕಾಯಿತು. ಹೋಗಲಿ, ಅತ್ತಿಗೆಯದು ಭಕ್ತಿಯಿಂದಾದ ತಪ್ಪು. ಆ ಹೂವಿನ ತಟ್ಟೆಗೆ ಕೊಟ್ಟ ಮರ್ಯಾದೆಯಲ್ಲಿ ಕಾಲು ಭಾಗವನ್ನಾದರೂ ಅದನ್ನು ಹೆಣೆದ ಕೈಗಳಿಗೆ ಕೊಟ್ಟಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಮೊದಲ ಅಂಗಡಿ ಬಾಳೆಲೆ ಪೊಟ್ಟಣದ ಅನ್ನದ್ದು. ಒಂದು ಹಿಡಿ ಅನ್ನ, ಮೇಲೆ ಹುರಿದ ಕಾಯಿತುರಿ, ಮೆಣಸಿನ ಗೊಜ್ಜು, ಎಲೆಯನ್ನು ಮಡಚಿ ಕಡ್ಡಿ ಚುಚ್ಚಿದ್ದು. ಬಿಚ್ಚಿದಾಗ ಬಂದ ಪರಿಮಳ ಥೇಟ್ ನಮ್ಮ ಮನೆಯ ಬುತ್ತಿಯದ್ದೇ. ಅತ್ತಿಗೆ ಮೂಗಿನ ಹತ್ತಿರ ಸೆರಗು ತಂದುಕೊಂಡರು.

"ಬ್ಯಾಡ ಮಾರಾಯ್ತಿ. ಯಾರ್ ಕೈಯದ್ದೋ, ಎಂತದೋ."

ಅತ್ತಿಗೆ ಬೇಡ ಎಂದ ಮೇಲೆ ಉಳಿದವರಿಗೂ ಬೇಡವಾಯಿತು, ನನಗೂ ಕೈ ಚಾಚಲು ಧೈರ್ಯ ಬರಲಿಲ್ಲ. ಹದಿನೆಂಟು ಪೊಟ್ಟಣಗಳು ಮೇಜಿನ ಮೇಲೆ ಹಾಗೇ ಕೂತವು. ಟೂರಿನವ ನನ್ನ ಕಿವಿಯಲ್ಲಿ, "ಟೀಚರ್, ಇವ್ರಿಗೆಲ್ಲ ಹೊಟ್ಟಿ ಸಮ ಇಲ್ಲ ಅಂದೇಳಿ ಹೇಳ್ಬಿಡಿ" ಎಂದ. ನಾನು ಹೇಳಿದೆ. ಅಷ್ಟು ಸರಾಗವಾಗಿ ಸುಳ್ಳು ಹೇಳಿದೆ, ನನಗೇ ಆಶ್ಚರ್ಯವಾಗಬೇಕಿತ್ತು, ಆಗಲಿಲ್ಲ. ಗೈಡ್ ಗಾಬರಿಯಾದಳು. ಅಂಗಡಿಯವಳ ಹತ್ತಿರ ಓಡಿ ಶುಂಠಿ ಜಜ್ಜಿ ಹಾಕಿದ ಬಿಸಿನೀರು ಮಾಡಿಸಿ ತಂದಳು. ಅದನ್ನೂ ಯಾರೂ ಮುಟ್ಟಲಿಲ್ಲ. ನಾನು ಎರಡು ಲೋಟ ಕುಡಿದೆ.

ಯಾರ ಕೈಯದ್ದೋ, ಎಂತದ್ದೋ. ಈ ಮಾತು ನನಗೆ ಹೊಸದಲ್ಲ. ನನ್ನ ಹತ್ತನೆಯ ವಯಸ್ಸಿನಿಂದ ಕೇಳಿದ್ದು.

ನನ್ನ ಅಪ್ಪ ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆಂದು ಹೋದವರು ಒಂದೆರಡು ಕಾಗದ ಬರೆದು ಆಮೇಲೆ ಸುದ್ದಿಯಿಲ್ಲದಾದರು. ಅಮ್ಮನದು ಬಾರ್ಕೂರಿನ ಬದಿಯ ಹೆಸರಿದ್ದ ಬೇಸಾಯದ ಮನೆ. ಹೆಸರಿತ್ತು, ಅನ್ನ ಇರಲಿಲ್ಲ. ಅಮ್ಮ ಬೆಳಗಿನ ಮೊದಲ ಬಸ್ಸಿಗೆ ಕೊಟ್ಟೆ ಕಡುಬಿನ ಬುಟ್ಟಿ ಏರಿಸಿಕೊಂಡು ಹಂಗಾರಕಟ್ಟೆಗೆ ಹೋಗುತ್ತಿದ್ದಳು. ಅಲ್ಲಿ ದೋಣಿ ಕಟ್ಟುವ ಆಚಾರಿಗಳು, ಮರ ಹೊರುವವರು, ಮೀನಿನ ಕೆಲಸದವರು. ರಸ್ತೆಯ ಪಕ್ಕ ಗೋಣಿ ಹಾಸಿ ಕೂತರೆ ಹತ್ತು ಗಂಟೆಯೊಳಗೆ ಬುಟ್ಟಿ ಖಾಲಿ. ಹಲಸಿನ ನಾಲ್ಕು ಎಲೆಗಳನ್ನು ಹಿಡಿಕಡ್ಡಿಯ ಚೂರಿನಿಂದ ಚುಚ್ಚಿ ಲೋಟದ ಹಾಗೆ ಮಾಡುವುದಕ್ಕೆ ಕೊಟ್ಟೆ ಎನ್ನುತ್ತೇವೆ. ಅದರೊಳಗೆ ಹಿಟ್ಟು ಹೊಯ್ದು ಬೇಯಿಸಿದರೆ ಕಡುಬು. ಸಂಜೆ ಶಾಲೆಯಿಂದ ಬಂದು ಕೊಟ್ಟೆ ಕಟ್ಟುವುದು ನನ್ನ ಕೆಲಸ. ಹಿಟ್ಟು ಅಮ್ಮನ ಕೆಲಸ.

ದಾರಿಯಲ್ಲಿ ಹೋಗುವ ಮರ್ಯಾದಸ್ಥರು ಬುಟ್ಟಿಯ ಕಡೆ ನೋಡಿ ಹೇಳುತ್ತಿದ್ದುದು ಇದೇ ಮಾತು. ನನ್ನ ಸೋದರಮಾವನಿಗಂತೂ ಇದರಿಂದ ಮನೆತನದ ಮೂಗು ಕೊಯ್ದ ಹಾಗಾಗಿತ್ತು. ಒಂದು ಸೇರು ಅಕ್ಕಿ ತಂದು ಕೊಡದ ಮನುಷ್ಯ, "ಬೀದಿಯಲ್ಲಿ ಕೂರಬೇಡ" ಎಂದು ಹೇಳಲು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ. ಅಮ್ಮ ಅವನಿಗೂ ಎರಡು ಕಡುಬು ಹಾಕಿಕೊಡುತ್ತಿದ್ದಳು. ತಿಂದು, ಬೈದು, ಹೋಗುತ್ತಿದ್ದ. ಹನ್ನೊಂದು ವರ್ಷ ಅಮ್ಮ ಆ ಗೋಣಿಯ ಮೇಲೆ ಕೂತಳು. ನಾನು ಓದಿ, ಟೀಚರ್ ಆಗಿ, ಮೊದಲ ಸಂಬಳ ತಂದ ದಿನ ಬುಟ್ಟಿಯನ್ನು ಅಟ್ಟಕ್ಕೆ ಹಾಕಿದಳು.

ಆಮೇಲೆ ಬಂದದ್ದು ಈ ದೊಡ್ಡ ಹೋಟೆಲು ಮನೆತನದ ಸಂಬಂಧ. ಸೋದರಮಾವ ನನ್ನನ್ನು ಕೂರಿಸಿ, ಕಡುಬಿನ ಸುದ್ದಿ ಆ ಮನೆಯಲ್ಲಿ ಸತ್ತರೂ ಎತ್ತಬಾರದು ಎಂದ. ನಾನು ತಲೆಯಾಡಿಸಿದೆ. ಯಾರೂ ನನ್ನ ಕುತ್ತಿಗೆ ಹಿಡಿದು ಆಡಿಸಲಿಲ್ಲ, ನಾನೇ ಆಡಿಸಿದೆ.

ಮದುವೆಯ ದಿನ ದಿಬ್ಬಣ ಬಂದಾಗ ಬೆಳಗಿನ ತಿಂಡಿಗೆ ಕೊಟ್ಟೆ ಕಡುಬು. ಊಟಕ್ಕೆ ಅಡುಗೆಯವರಿದ್ದರು, ಕಡುಬು ಮಾತ್ರ ತಾನೇ ಮಾಡುತ್ತೇನೆಂದು ಅಮ್ಮ ಹಠ ಹಿಡಿದಿದ್ದಳು. ಹಿತ್ತಲಿನ ಕೊಟ್ಟಿಗೆಯಲ್ಲಿ ಒಲೆ ಹೂಡಿ ಒಬ್ಬಳೇ ಬೇಯಿಸಿದಳು. ಅತ್ತಿಗೆ ಆಗ ಹರೆಯದವರು, ಕೂತಲ್ಲೇ ನಾಲ್ಕು ಕಡುಬು ತಿಂದರು. "ಇದ್ ಯಾವ್ ಭಟ್ರದ್ದ್? ನಮ್ಮ ಹೋಟ್ಲಿಗ್ ಕರ್ಕಂಡ್ ಹೋಪ" ಎಂದರು. ಮಾವ ತಡವರಿಸದೆ, ಉಡುಪಿ ಬದಿಯ ಭಟ್ರು ಎಂದ. ನಾನು ಬಾಸಿಂಗ ಕಟ್ಟಿಸಿಕೊಂಡು ಅಲ್ಲೇ ಬಾಗಿಲ ಒಳಗೆ ಕೂತಿದ್ದೆ. ಅಮ್ಮನೂ ಕೇಳಿಸಿಕೊಂಡಳು. ಆ ಇಲ್ಲದ ಭಟ್ರ ಗುಣಗಾನವನ್ನು ಅತ್ತಿಗೆ ಮೂವತ್ತಮೂರು ವರ್ಷ ಮಾಡಿದರು. ಯಾವ ಮನೆಯಲ್ಲಿ ಕಡುಬು ತಿಂದರೂ, "ಇವ್ಳ ಮದಿ ಕಡುಬಿನ ಹಾಂಗ್ ಆಯ್ಲಿಲ್ಲ" ಎಂದೇ ಕೈ ತೊಳೆಯುವುದು.

ಇನ್ನೊಂದಿದೆ. ಅದನ್ನು ಬರೆಯದಿದ್ದರೆ ಉಳಿದವರ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿಲ್ಲ. ಮದುವೆಯಾದ ಹೊಸತರಲ್ಲಿ ಅಮ್ಮ ನನ್ನನ್ನು ನೋಡಲು ಬ್ರಹ್ಮಾವರಕ್ಕೆ ಬಂದಳು, ಕೈಯಲ್ಲಿ ಬಟ್ಟೆ ಗಂಟು. ಗಂಟಿನಲ್ಲಿ ಬಿಸಿ ಆರದ ಕಡುಬು. ಅವತ್ತು ಅತ್ತಿಗೆಯೂ ಬಂದಿದ್ದರು. ಎಲ್ಲಿಂದ ಬಂತು ಎಂದು ಕೇಳಿದರು. ನಾನು, ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಕಟ್ಟಿಸಿಕೊಂಡು ಬಂದದ್ದು ಎಂದುಬಿಟ್ಟೆ. ಅಮ್ಮ ಬೆಲ್ಲ ಬಾಯಿಗೆ ಹಾಕಿಕೊಂಡು ನೀರಿನ ಲೋಟ ಎತ್ತಿದ್ದಳು. ಕುಡಿದು ಕೆಳಗಿಟ್ಟಳು. ಆಮೇಲೆ ಬರುವಾಗಲೆಲ್ಲ ಅಮ್ಮ ಬಾಳೆಹಣ್ಣು ತರತೊಡಗಿದಳು. ಸಾಯುವ ತನಕ ಬಾಳೆಹಣ್ಣೇ.

ಬಾಲಿಗೆ ಬರುತ್ತೇನೆ. ಎರಡನೆಯ ಅಂಗಡಿಯಲ್ಲಿ ಮೀನು. ಮೀನಿನ ಮಾಂಸವನ್ನು ಕಾಯಿ, ಮಸಾಲೆ ಹಾಕಿ ಅರೆದು, ನಿಂಬೆ ಪರಿಮಳದ ಮಜ್ಜಿಗೆ ಹುಲ್ಲಿನ ದಂಟಿಗೆ ಮೆತ್ತಿ, ಕೆಂಡದ ಮೇಲೆ ಸುಡುತ್ತಿದ್ದರು. ನಮ್ಮವರು ಯಾರು? ಬೆಳಿಗ್ಗೆ ಬಂಗುಡೆ, ಮಧ್ಯಾಹ್ನ ಅಂಜಲ್, ಆದಿತ್ಯವಾರ ಕೋಳಿ ಸುಕ್ಕ ಇಲ್ಲದಿದ್ದರೆ ಮುಖ ಊದಿಸಿಕೊಳ್ಳುವವರು. ಅಲ್ಲಿ ಹದಿನೆಂಟು ಮಂದಿಯೂ ಇದ್ದಕ್ಕಿದ್ದಂತೆ ಮಠದ ಸ್ವಾಮಿಗಳಾದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಇದೆಯಲ್ಲ, ನಮ್ಮವರದು ಅದಕ್ಕಿಂತಲೂ ವಿಚಿತ್ರ. ತಿನ್ನುವುದು ಮನೆಯಲ್ಲಿ, ಶಾಸ್ತ್ರ ಹೊರದೇಶದಲ್ಲಿ.

ತಿನ್ನಲಿಲ್ಲ, ಸರಿ. ಫೋಟೋ ಬೇಕಿತ್ತು! ಒಬ್ಬೊಬ್ಬರಾಗಿ ಆ ಮೀನಿನ ಕಡ್ಡಿಯನ್ನು ತೆಗೆದುಕೊಂಡು ಬಾಯಿಯ ಹತ್ತಿರ ಹಿಡಿದು, ಕಣ್ಣರಳಿಸಿ, ಸೆಲ್ಫಿ ತೆಗೆದು, ಹಾಗೇ ತಟ್ಟೆಗೆ ವಾಪಸು ಇಟ್ಟರು. ಸುಡುತ್ತಿದ್ದ ಮನುಷ್ಯ ಬೀಸಣಿಗೆ ನಿಲ್ಲಿಸಿ ನೋಡುತ್ತಿದ್ದ. ಫೋಟೋಗಳು ಅಲ್ಲಿಂದಲೇ ಊರಿನ ವಾಟ್ಸ್ಯಾಪ್ ಗುಂಪಿಗೆ ಹೋದವು: ಬಾಲಿಯ ಸ್ಟ್ರೀಟ್ ಫುಡ್ ಸವಿಯುತ್ತಾ! ಕೆಳಗೆ ಊರಿನಿಂದ ಹೆಬ್ಬೆರಳುಗಳ ಸುರಿಮಳೆ. ಮುಂಬೈಯಲ್ಲಿ ದಿನಕ್ಕೆ ಸಾವಿರ ಜನ ಗುರುತು ಪರಿಚಯವಿಲ್ಲದ ಇವರ ಕೈ ನಂಬಿ ಉಂಡಿದ್ದರು. ಅವರಲ್ಲಿ ಒಬ್ಬನಾದರೂ ತಟ್ಟೆ ಹಿಡಿದು ಫೋಟೋ ತೆಗೆದು ವಾಪಸು ಇಟ್ಟಿದ್ದರೆ ಇವರು ಸುಮ್ಮನೆ ಕಳಿಸುತ್ತಿದ್ದರೇ?

ಅಷ್ಟರಲ್ಲಿ ಎಲ್ಲರಿಗೂ ಹಸಿವಾಯಿತು. ಆಗದೆ ಏನು! ಟೂರಿನವ ಬಸ್ಸಿನಿಂದ ಚೀಲ ತಂದು ಒಬ್ಬೊಬ್ಬರ ಕೈಗೆ ಬೆಳ್ಳಿ ಕಾಗದದ ಪೊಟ್ಟಣ ಕೊಟ್ಟ. ಭಟ್ರ ಚಿತ್ರಾನ್ನ. ತಿಂಡಿ ಅಂಗಡಿಗಳ ಆ ಬೀದಿಯ ನಡುವೆ, ಎರಡೂ ಬದಿಯಲ್ಲಿ ಒಲೆಗಳು ಉರಿಯುತ್ತಿರುವಾಗ, ನಾವು ಸಾಲಾಗಿ ನಿಂತು ಸಾಸಿವೆ ಒಗ್ಗರಣೆಯ ಚಿತ್ರಾನ್ನ ತಿಂದೆವು. ಗೈಡ್ ನನ್ನ ಹತ್ತಿರ ಬಂದು, ಹೊಟ್ಟೆ ಸರಿಯಿಲ್ಲವೆಂದಿರಲ್ಲ, ಇದೇನು ಎಂದು ಕೇಳಿದಳು. ಪಥ್ಯದ ಊಟ ಎಂದೆ. ಬಾಯಿಯಲ್ಲಿ ನೆಲಗಡಲೆ ಇತ್ತು.

ಮೂರನೆಯದು, ಕೊನೆಯದು, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ಅಂಗಡಿಯೆನ್ನುವಂಥದ್ದಲ್ಲ. ಒಂದು ಮನೆಯ ಮುಂದಿನ ಮಾಡಿನ ಕೆಳಗೆ ಕಟ್ಟಿಗೆ ಒಲೆ, ಒಲೆಯ ಮೇಲೆ ಗುಳಿಗುಳಿಯಿದ್ದ ಮಣ್ಣಿನ ಕಾವಲಿ, ಒಂದೊಂದು ಗುಳಿಗೂ ಒಂದೊಂದು ಮಣ್ಣಿನ ಮುಚ್ಚಳ. ನಮ್ಮ ಅಪ್ಪದ ಕಾವಲಿಯ ಅಕ್ಕನೋ ತಂಗಿಯೋ ಅನ್ನಬಹುದು. ಅಕ್ಕಿ ಹಿಟ್ಟಿಗೆ ಯಾವುದೋ ಎಲೆಯ ಹಸಿರು ರಸ ಹಾಕಿ ಹೊಯ್ಯುತ್ತಿದ್ದರು. ಬೆಂದ ಮೇಲೆ ಮೇಲಿಂದ ಕಾಯಿತುರಿ, ಕರಗಿಸಿದ ತಾಳೆಬೆಲ್ಲ. ಅದಕ್ಕೆ ಲಕ್‌ಲಕ್ ಎಂದು ಹೆಸರಂತೆ. ಒಲೆಯ ಮುಂದೆ ಎಪ್ಪತ್ತು ದಾಟಿದ ಒಬ್ಬ ಮುದುಕಿ ಮಣೆಯ ಮೇಲೆ ಕೂತಿದ್ದಳು.

ಗೈಡ್ ಅವಳ ಹೆಗಲ ಮೇಲೆ ಕೈಯಿಟ್ಟು ನಮ್ಮ ಕಡೆ ತಿರುಗಿದಳು. ಬೆಳಗ್ಗಿನಿಂದ ಸೋತಿದ್ದ ಅವಳ ಮುಖ ಆಗ ಅರಳಿತು.

"ಇವಳು ನನ್ನ ತಾಯಿ," ಎಂದಳು.

ನಲವತ್ತು ವರ್ಷದಿಂದ ಇದೇ ಒಲೆ, ಇದೇ ಜಾಗ. ಇದರಿಂದಲೇ ತಾನು ಶಾಲೆಗೆ ಹೋದದ್ದು, ಇಂಗ್ಲಿಷ್ ಕಲಿತದ್ದು. ಯಾವ ದೇಶದವರು ಬಂದರೂ ತಾನು ಕೊನೆಗೆ ಕರೆತರುವುದು ಇಲ್ಲಿಗೇ. ಅಮ್ಮನ ಹಿಟ್ಟಿನ ಅಳತೆ ಯಾವ ಪುಸ್ತಕದಲ್ಲೂ ಇಲ್ಲ, ಕೈಯಲ್ಲಿದೆ. ತಾನು ಆ ಕೈ ಹಿಡಿದುಕೊಂಡೇ ಕಲಿತದ್ದು. ಇವತ್ತು ನೀವು ಬರುತ್ತೀರೆಂದು ಅಮ್ಮ ಬೆಳಕು ಹರಿಯುವ ಮೊದಲೇ ಎದ್ದು ಹದಿನೆಂಟು ಜನಕ್ಕೆ ಅಕ್ಕಿ ಅರೆದಿದ್ದಾಳೆ. ಹೀಗೆ ಹೇಳುತ್ತಾ ಹೋದಳು. ನಾನು ಕನ್ನಡಕ್ಕೆ ತಿರುಗಿಸುವುದನ್ನೇ ಮರೆತು ಅವಳ ಬಾಯಿ ನೋಡುತ್ತಾ ನಿಂತೆ. ನನ್ನಷ್ಟೇ ಓದಿದವಳು. ನನ್ನ ಹಾಗೆಯೇ ಬೀದಿಯ ಒಲೆಯಿಂದ ಅನ್ನ ತಿಂದವಳು. ಇವಳು ಲೋಕವನ್ನೇ ಅಮ್ಮನ ಒಲೆಯ ಮುಂದೆ ತಂದು ನಿಲ್ಲಿಸುತ್ತಿದ್ದಾಳೆ. ನಾನು ನನ್ನ ಅಮ್ಮನನ್ನು ಬಸ್‌ಸ್ಟ್ಯಾಂಡಿನ ಹೋಟೆಲ್ ಮಾಡಿದೆ.

ಅತ್ತಿಗೆ ಮಸಿ ಹಿಡಿದ ಮುಚ್ಚಳಗಳನ್ನು ನೋಡಿದರು. ಮುದುಕಿಯ ಕೈ ನೋಡಿದರು. ಈ ಸಲ ಮೆಲ್ಲಗೂ ಹೇಳಲಿಲ್ಲ.

"ಅಯ್ಯಬ್ಬ! ಯಾರ್ ಕೈಯದ್ದೋ ಎಂತದೋ, ತಿಂಬುಕಾಗ. ಹೋಪ, ಬಸ್ಸಿಗ್ ಹೋಪ."

ಟೂರಿನವ ನನ್ನ ಕಡೆ ಕಣ್ಣು ಮಿಟುಕಿಸಿದ. "ಟೀಚರ್, ಅದೇ ಹೊಟ್ಟಿ ವಿಷ್ಯ ಹೇಳಿ."

ಮುದುಕಿ ಒಂದು ಬಾಳೆಲೆ ಚೂರಿನ ಮೇಲೆ ನಾಲ್ಕು ಲಕ್‌ಲಕ್ ಇಟ್ಟು ಅತ್ತಿಗೆಯ ಕಡೆಗೇ ಚಾಚಿದ್ದಳು, ಹಿರಿಯರು ಎಂದು. ಆ ಕೈ ಹಾಗೇ ನಿಂತಿತ್ತು. ನಾಲ್ಕು! ನನ್ನ ಪಿತ್ತ ನೆತ್ತಿಗೇರಿತು.

"ಅತ್ತಿಗೆ," ಎಂದೆ. "ನನ್ನ ಮದಿ ಕಡುಬ್ ಯಾರ್ ಕೈಯದ್ದ್ ಅಂದೇಳಿ ನಿಮ್ಗೆ ಗೊತ್ತಿತ್ತಾ?"

"ಎಂತ ಮಾರಾಯ್ತಿ, ಈಗ ಎಂತಕ್ಕೆ? ಉಡುಪಿ ಭಟ್ರದ್ದ್ ಅಲ್ದಾ?"

"ಉಡುಪಿ ಭಟ್ರೂ ಇಲ್ಲ, ಮಣಿಪಾಲದ್ ಭಟ್ರೂ ಇಲ್ಲ. ಅದ್ ನನ್ನ ಅಮ್ಮನ್ ಕೈಯದ್ದ್. ಹಂಗಾರಕಟ್ಟೆ ಬೀದಿ ಬದಿಗೆ ಗೋಣಿ ಹಾಸಿ ಹನ್ನೊಂದ್ ವರ್ಷ ಕಡುಬ್ ಮಾರಿದ ಕೈ. ನೀವ್ ನಾಲ್ಕ್ ತಿಂದ್ರಿ. ಮೂವತ್ತಮೂರ್ ವರ್ಷ ಹೊಗಳ್ದ್ರಿ. ನಿಮ್ಗೆ ಎಂತ ಆಯ್ಲಿಲ್ಲ ಅಲ್ದಾ?"

ನಾನು ಗೈಡ್ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇವರಲ್ಲಿ ಯಾರಿಗೂ ಹೊಟ್ಟೆ ಕೆಟ್ಟಿಲ್ಲ, ಬೆಳಗ್ಗಿನಿಂದ ನಾನು ಹೇಳಿದ್ದೆಲ್ಲ ಸುಳ್ಳು, ನಿನ್ನ ತಾಯಿಯ ಕೈಯದ್ದನ್ನು ತಿನ್ನಲು ಇವರಿಗೆ ಮನಸ್ಸಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

"ಗೊತ್ತಾಗಿತ್ತು," ಎಂದಳು. "ಹೊಟ್ಟೆ ಕೆಟ್ಟವರು ನೆಲಗಡಲೆ ತಿನ್ನುವುದಿಲ್ಲ. ಕೂತುಕೊಳ್ಳಿ, ಆರಿ ಹೋಗುತ್ತದೆ."

ನಾನು ಆ ಮುದುಕಿಯ ಎದುರು ನೆಲದ ಮೇಲೇ ಕೂತೆ. ಅತ್ತಿಗೆಗೆ ಚಾಚಿದ ಎಲೆಯನ್ನು ನನ್ನ ಕೈಗೆ ತೆಗೆದುಕೊಂಡೆ. ಬಿಸಿ, ಮೆತ್ತಗೆ, ಒಳಗೆ ಜಾಲರಿಯಂತೆ ತೂತುತೂತು, ಬೆಲ್ಲ ಬೆರಳಿಗೆ ಇಳಿಯುತ್ತಿತ್ತು. ನಾಲ್ಕನ್ನೂ ತಿಂದೆ. ಬೈಂದೂರಿನ ಹೆಂಗಸೊಬ್ಬರು ಸೀರೆ ಎತ್ತಿ ಕಟ್ಟಿಕೊಂಡು ನನ್ನ ಪಕ್ಕ ಬಂದು ಕೂತರು. "ಹ್ವಾಯ್, ಇದ್ ನಮ್ಮ ಓಲೆಬೆಲ್ಲದ ಪರಿಮಳವೇ ಕಾಣಿ. ನಂಗೂ ಕೊಡುಕ್ ಹೇಳಿ" ಎಂದರು. ಅವರ ಹಿಂದೆ ಇನ್ನು ಮೂವರು ಬಂದರು. ಉಳಿದವರು ಬಸ್ಸಿಗೆ ಹೋದರು. ಅತ್ತಿಗೆ ಎಲ್ಲರಿಗಿಂತ ಮುಂದೆ.

ಇಷ್ಟೇ ಆಗಿದ್ದರೆ ನನ್ನ ಸಿಟ್ಟು ಬಾಲಿಯಲ್ಲೇ ಕರಗುತ್ತಿತ್ತೋ ಏನೋ. ಬಸ್ಸಿನಲ್ಲಿ ನನ್ನ ಗಂಡ ಕಿಟಕಿಯ ಹೊರಗೆ ನೋಡುತ್ತಾ, "ಇದ್ನ ಇಲ್ಲಿ, ಎಲ್ಲರೆದ್ರಿಗೆ ಹೇಳ್ಕಿತ್ತಾ?" ಎಂದರು.

"ಮತ್ತೆಲ್ಲಿ ಹೇಳ್ಕಿತ್ತ್?"

"ನಂಗ್ ಮೊದ್ಲೇ ಗೊತ್ತಿತ್ತ್. ಮದಿಗ್ ಮುಂಚೆಯೇ ಗೊತ್ತಿತ್ತ್. ನಾ ಯಾವತ್ತಾರೂ ಬಾಯ್ ಬಿಟ್ಟಿದ್ನಾ?"

ಅದನ್ನು ಅವರು ಹೇಳಿದ್ದು ದೊಡ್ಡ ಉಪಕಾರದ ಲೆಕ್ಕದಲ್ಲಿ. ಗೊತ್ತಿತ್ತಂತೆ! ಗೊತ್ತಿದ್ದೂ ನನ್ನ ಅಮ್ಮನ ಎದುರು ತನ್ನ ಅಕ್ಕ ಉಡುಪಿ ಭಟ್ರನ್ನು ಹೊಗಳುವಾಗ ಈ ಮನುಷ್ಯ ಮೀಸೆಯಡಿಯಲ್ಲಿ ಸುಮ್ಮನಿದ್ದರಂತೆ, ಮರ್ಯಾದೆ ಉಳಿಸಲು. ಯಾರ ಮರ್ಯಾದೆ? ಹನ್ನೊಂದು ವರ್ಷ ಒಬ್ಬರಿಗೂ ಹಳಸಿದ್ದು ಕೊಡದೆ, ಒಬ್ಬರ ಮುಂದೂ ಕೈಚಾಚದೆ ಮಗಳನ್ನು ಟೀಚರ್ ಮಾಡಿದವಳಿಗೆ ಇವರು ಮುಚ್ಚಿಟ್ಟು ಉಳಿಸಬೇಕಾದ ಮರ್ಯಾದೆ ಯಾವುದಿತ್ತು? ಇದನ್ನೆಲ್ಲ ಬಸ್ಸಿನಲ್ಲೇ ಕೇಳಿದೆ. ಟೂರಿನವ ಎದ್ದು ಬಂದು, "ಟೀಚರ್, ಗ್ರೂಪ್ ಹಾಳ್ ಮಾಡ್ಬೇಡಿ" ಎಂದ. ಅವನಿಗೂ ಸಿಕ್ಕಿತು.

ಊರಿಗೆ ಬಂದ ಮೇಲೆ ಅತ್ತಿಗೆ ನನ್ನ ಹತ್ತಿರ ಮಾತು ಬಿಟ್ಟರು. ಮದುವೆ, ಮುಂಜಿ, ಸತ್ತವರ ಬೊಜ್ಜದೂಟ, ಎಲ್ಲಿ ಎದುರಾದರೂ ಮುಖ ತಿರುವಿದರು. ನನಗೇನೂ ನಷ್ಟವಾಗಲಿಲ್ಲ. ಈಗ ಯಾರಾದರೂ ತಾಯಿ ಮನೆ ಯಾವುದು ಎಂದು ಕೇಳಿದರೆ ನಾನು ಬಾರ್ಕೂರು ಎಂದು ನಿಲ್ಲಿಸುವುದಿಲ್ಲ. ಅಮ್ಮ ಹಂಗಾರಕಟ್ಟೆಯಲ್ಲಿ ಕಡುಬು ಮಾರುತ್ತಿದ್ದಳು ಎಂದು ಕೇಳದಿದ್ದರೂ ಸೇರಿಸುತ್ತೇನೆ. ಕೆಲವರಿಗೆ ಮುಜುಗರವಾಗುತ್ತದೆ. ಆಗಲಿ. ಒಮ್ಮೆ ಒಬ್ಬ ಮುದುಕ ಆಚಾರಿ, "ಹೋ, ಆ ಅಮ್ಮನ್ ಮಗಳಾ? ಅವ್ರ್ ಕಡುಬ್ ತಿಂದೇ ನಾನ್ ದೋಣಿ ಕಟ್ಟದ್ದ್" ಎಂದು ನಿಂತಲ್ಲೇ ಕೈಮುಗಿದ. ಮೂವತ್ತಮೂರು ವರ್ಷ ನಾನು ಕಳೆದುಕೊಂಡದ್ದು ಇಂಥ ಎಷ್ಟು ಮಾತುಗಳನ್ನೋ.

ಕಳೆದ ಕೃಷ್ಣಾಷ್ಟಮಿಯ ಹಿಂದಿನ ದಿನ ಮಧ್ಯಾಹ್ನ ಫೋನು ಬಂತು. ಅತ್ತಿಗೆ. ಹೇಗಿದ್ದೀ ಎಂದು ಕೇಳಲಿಲ್ಲ, ಬಾಲಿಯ ಸುದ್ದಿ ಎತ್ತಲಿಲ್ಲ. ಅವರದು ಬಿಗುಮಾನದ ಜೀವ, ಅಷ್ಟು ಫೋನು ಮಾಡಿದ್ದೇ ಹೆಚ್ಚು. ಹಿಂದೆ ಒರಳು ತಿರುಗುವ ಸದ್ದು ಕೇಳುತ್ತಿತ್ತು.

"ಕಾಣ್, ಅಷ್ಟಮಿಗ್ ಕೊಟ್ಟೆ ಕಡುಬ್ ಮಾಡ್ತಿದ್ದೆ. ನಿನ್ನ ಅಮ್ಮ ಮಾಡೂದ್ ಹ್ಯಾಂಗೆ? ಉದ್ದ್ ಎಷ್ಟ್, ಅಕ್ಕಿ ತರಿ ಎಷ್ಟ್? ಅದಕ್ಕ್ ಮತ್ತೆ ಎಂತದೋ ಹಾಕ್ತಿದ್ರ್, ಒಂಚೂರ್ ಸಿಹಿ ಸಿಹಿ ಪರಿಮಳ. ಅದ್ ಎಂತ ಹೇಳ್. ಸಮ ಅವ್ರ್ ಮಾಡ್ದಾಂಗೇ ಆಯ್ಕ್."

ಅಮ್ಮ ರಾತ್ರಿಯೂಟ ಮುಗಿಸಿ ಒರಳಿನ ಮುಂದೆ ಕೂರುತ್ತಿದ್ದುದು ನನಗೆ ಗೊತ್ತು. ಆ ಸದ್ದು ಪಕ್ಕದ ಮನೆಯವರಿಗೆ ಕೇಳುತ್ತದಲ್ಲ ಎಂದು ನಾನು ಹೊದಿಕೆ ಎಳೆದುಕೊಳ್ಳುತ್ತಿದ್ದುದು ಗೊತ್ತು. ಒಂದು ಸಣ್ಣ ಗಿಂಡಿಯಿಂದ ಅಮ್ಮ ಹಿಟ್ಟಿಗೆ ಏನನ್ನೋ ಹೊಯ್ಯುತ್ತಿದ್ದಳು. ಬೊಂಡದ ನೀರೋ, ಬೇರೆ ಏನೋ. ನನ್ನ ಮದುವೆಯಾದ ಮೇಲೂ ಅವಳು ಎಷ್ಟೋ ವರ್ಷ ಬದುಕಿದ್ದಳು, ಬಾಳೆಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದು ಎದುರಿಗೇ ಕೂರುತ್ತಿದ್ದಳು. ಅತ್ತಿಗೆಯ ಮೇಲೆ, ಸೋದರಮಾವನ ಮೇಲೆ, ನಮ್ಮವರ ಮೇಲೆ ಕಾರಿದ ಸಿಟ್ಟೆಲ್ಲ ಒಂದು ಸುತ್ತು ಹಾಕಿ ನನ್ನ ಹತ್ತಿರವೇ ಬಂದು ನಿಂತಿತು.

"ಹಲೋ, ಇದ್ಯಾ? ಹೇಳ್ ಮಾರಾಯ್ತಿ, ಉದ್ದ್ ಒರ್ಳಗಿತ್ತ್."

"ಅತ್ತಿಗೆ," ಎಂದೆ, "ಕೊಟ್ಟೆ ಬೇಕಾರೆ ಎಷ್ಟಾರೂ ಕಟ್ಟಿ ಕೊಡ್ತೆ. ಹಿಟ್ಟಿಗ್ ಎಂತ ಹಾಕ್ತಿದ್ರ್ ಅಂದೇಳಿ ನಂಗ್ ಗೊತ್ತಿಲ್ಲೆ. ನಾನ್ ಯಾವತ್ತೂ ಕೇಳ್ಲೇ ಇಲ್ಲ."